ರಾತ್ರಿ 1.20ರ ಸಿಲಿಂಡರ್

ಮಲಗಿದ್ದು 11.45ಕ್ಕೆ, ಎಚ್ಚರವಾದದ್ದು 1.20ಕ್ಕೆ. ನಿನ್ನೆಯೂ ಹೆಚ್ಚುಕಡಿಮೆ ಇದೇ ಹೊತ್ತು, ಮೊನ್ನೆಯೂ ಇದೇ. ಕ್ಲಸ್ಟರ್ ತಲೆನೋವಿನ ಸರದಿ ನಡೆಯುತ್ತಿರುವ ಮನೆಗೆ ಅಲಾರಂ ಬೇಡ. ನಿದ್ದೆ ಹತ್ತಿ ಒಂದೂವರೆ ತಾಸಾಗುವಷ್ಟರಲ್ಲಿ ಬಲಗಣ್ಣಿನ ಹಿಂದೆ ಸಣ್ಣಗೆ ಒತ್ತಿದಂತಾಗುತ್ತದೆ. ಮೂಗಿನ ಬಲ ಹೊಳ್ಳೆ ಕಟ್ಟಿಕೊಳ್ಳುತ್ತದೆ. ಐದು ನಿಮಿಷ ಕಳೆಯುವುದರೊಳಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋಲುತ್ತದೆ, ಮನುಷ್ಯ ಹಾಸಿಗೆ ಬಿಟ್ಟೆದ್ದು ನಡುಮನೆಯಲ್ಲಿ ಶತಪಥ ಹಾಕತೊಡಗುತ್ತಾನೆ.

ಮನೆ ಹನುಮಂತನಗರದ ಮೂರನೇ ಮಹಡಿಯದು. ಬಾಡಿಗೆಗೆ ಹಿಡಿದದ್ದು, ಲಿಫ್ಟ್ ಇಲ್ಲ. ಇರುವವರು ಗಂಡ ಹೆಂಡತಿ ಇಬ್ಬರೇ, ನೋವು ಗಂಡನಿಗೆ. ಅವರ ಹಿಂದುಮುಂದಿನ ಕಥೆ ಇಲ್ಲಿ ಬೇಡ. ಈ ಒಂದು ರಾತ್ರಿ ಆ ಮನೆಯಲ್ಲಿ ಏನೇನು ನಡೆಯಿತು, ಯಾವುದಕ್ಕೆ ಯಾಕೆ ಹಾಗೆ ಮಾಡಿದರು ಎಂಬುದಷ್ಟೇ ಸಾಕು. ಯಾಕೆಂದರೆ ಈ ನೋವು ಶುರುವಾದ ಮೇಲೆ ಯೋಚನೆ ಮಾಡಲು ತಲೆ ನಮ್ಮದಾಗಿ ಉಳಿದಿರುವುದಿಲ್ಲ. ಮಾಡುವುದೆಲ್ಲ ಹಗಲಲ್ಲೇ ಮಾಡಿಟ್ಟಿರಬೇಕು.

ಹೆಂಡತಿ ಎದ್ದವರು ಟ್ಯೂಬ್‌ಲೈಟ್ ಹಾಕಲಿಲ್ಲ, ಅಡುಗೆಮನೆಯ ಸಣ್ಣ ಬಲ್ಬ್ ಹಾಕಿದರು. "ಏನಾಯ್ತು" ಎಂದು ಕೇಳಲಿಲ್ಲ, ಹಣೆ ಮುಟ್ಟಲಿಲ್ಲ. ಆಮ್ಲಜನಕದ ಸಿಲಿಂಡರ್ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ, ವಾಲ್ವನ್ನು ಕೀಲಿಯಿಂದ ಎಡಕ್ಕೆ ನಿಧಾನವಾಗಿ ತಿರುಗಿಸಿದರು. ಒತ್ತಡ ತೋರಿಸುವ ಗೇಜ್ 110ಕ್ಕೆ ಏರಿ ನಿಂತಿತು. ನಿಮಿಷಕ್ಕೆ ಎಷ್ಟು ಲೀಟರ್ ಹರಿಯಬೇಕೆಂದು ಇಡುವ ಫ್ಲೋಮೀಟರ್ 12ಕ್ಕೆ. ಮಾಸ್ಕಿನೊಳಗಿನ ವಾಲ್ವನ್ನು ಬೆರಳಿನಿಂದ ಒತ್ತಿಹಿಡಿದು, ಕೆಳಗಿನ ಚೀಲ ಉಬ್ಬುವವರೆಗೆ ಕಾದು, "ರೀ, ತುಂಬಿದೆ" ಎಂದರು. ಮಾತು ಅಷ್ಟೇ. ಎದ್ದ ಗಳಿಗೆಯಿಂದ ಇಲ್ಲಿಯತನಕ ಎರಡು ನಿಮಿಷವೂ ಆಗಿರಲಿಲ್ಲ.

ಈ ಎರಡು ನಿಮಿಷಕ್ಕೆ ಬಹಳ ಬೆಲೆ ಇದೆ. ನೋವು ಶಿಖರಕ್ಕೇರಿದ ಮೇಲೆ ಹಿಡಿದ ಮಾಸ್ಕಿಗಿಂತ ಬುಡದಲ್ಲೇ ಹಿಡಿದ ಮಾಸ್ಕು ಬೇಗ ಕೆಲಸ ಮಾಡುತ್ತದೆ. ಸುಮ್ಮನೆ ಬಿಟ್ಟರೆ ಒಂದೊಂದು ಸಲದ ನೋವು 15 ನಿಮಿಷದಿಂದ 3 ತಾಸಿನವರೆಗೆ ಇರುತ್ತದೆ. ಎರಡು ದಿನಕ್ಕೊಮ್ಮೆ ಬರಬಹುದು, ದಿನಕ್ಕೆ 8 ಸಲವೂ ಬರಬಹುದು. ಹೀಗೆ ಕೆಲವು ವಾರ ಅಥವಾ ಕೆಲವು ತಿಂಗಳು ಕಾಡಿ, ಒಂದು ದಿನ ಹೇಳದೆ ಕೇಳದೆ ನಿಂತುಬಿಡುತ್ತದೆ. ಮತ್ತೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಸುದ್ದಿ ಇಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಒಟ್ಟೊಟ್ಟಿಗೆ ಬರುವುದರಿಂದ ಆ ಹೆಸರು. ವರ್ಷವಿಡೀ ಬಿಡುವೇ ಕೊಡದ, ಕೊಟ್ಟರೂ 3 ತಿಂಗಳು ತುಂಬದ ಬಗೆಯೂ ಇದೆ. ಅದಕ್ಕೆ ದೀರ್ಘಕಾಲಿಕ ಎನ್ನುತ್ತಾರೆ. ಸಾವಿರಕ್ಕೆ ಸುಮಾರು ಒಬ್ಬರಿಗೆ ಬರುವ ಕಾಯಿಲೆ ಇದು. ಬೆಂಗಳೂರಿನ ಜನಸಂಖ್ಯೆಗೆ ಈ ಲೆಕ್ಕ ಹಚ್ಚಿದರೆ ಸಾವಿರಗಟ್ಟಲೆ ಮನೆಗಳಲ್ಲಿ ಇಂಥ ರಾತ್ರಿಗಳಿವೆ. ಆದರೂ ಹೆಸರು ಕೇಳಿದವರು ಕಡಿಮೆ.

ಹೆಸರಿನದೇ ಒಂದು ತೊಡಕು. ನಮ್ಮಲ್ಲಿ ಒಂದು ಬದಿಗೆ ಬರುವ ತಲೆನೋವು ಯಾವುದೇ ಇರಲಿ, ಅರೆತಲೆನೋವು ಎಂದುಬಿಡುತ್ತೇವೆ. ಅದನ್ನು ಕೇಳಿದವರು ಮೈಗ್ರೇನ್ ಎಂದುಕೊಳ್ಳುತ್ತಾರೆ. ಇಬ್ಬರನ್ನೂ ಒಮ್ಮೆ ಕಣ್ಣಾರೆ ಕಂಡರೆ ಮತ್ತೆ ಗೊಂದಲವಾಗುವುದಿಲ್ಲ. ಮೈಗ್ರೇನ್ ಬಂದವರು ಪರದೆ ಎಳೆದು, ಕತ್ತಲಲ್ಲಿ ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ಬಂದವರಿಗೆ ಮಲಗಲು ಆಗುವುದೇ ಇಲ್ಲ. ನಡೆಯುತ್ತಾರೆ, ಕೂತು ಮುಂದಕ್ಕೂ ಹಿಂದಕ್ಕೂ ತೂಗುತ್ತಾರೆ, ಗೋಡೆಗೆ ತಲೆ ಗುದ್ದುತ್ತಾರೆ. ಈ ಮನೆಯಲ್ಲಿ ಗೋಡೆಗೆ ಒಂದು ಹಳೆಯ ರಜಾಯಿ ಮಡಿಸಿ ಮೊಳೆ ಹೊಡೆದಿದ್ದಾರೆ, ಅದಕ್ಕೇ. ಕೆಳಗಿನ ಮಹಡಿಯವರು ಮೊದಮೊದಲು ಗಂಡ ಹೆಂಡತಿ ಜಗಳವೆಂದೇ ತಿಳಿದಿದ್ದರಂತೆ. ಒಂದು ಸಂಜೆ ಹೋಗಿ, ರಾತ್ರಿ ಹೆಜ್ಜೆ ಸಪ್ಪಳ ಕೇಳಿದರೆ ಗಾಬರಿಯಾಗಬೇಡಿ, ಇದು ಹೀಗೆ ಹೀಗೆ ಎಂದು ಹೇಳಿ ಬಂದ ಮೇಲೆ ಅವರೇ ಸಿಲಿಂಡರ್ ಹತ್ತಿಸಲು ಕೈಜೋಡಿಸುತ್ತಾರೆ.

ಇನ್ನೊಂದು ತೊಡಕು ಈ ಊರಿನದು. ಬೆಂಗಳೂರಿನಲ್ಲಿ ಮೂಗು ಕಟ್ಟಿ ಹಣೆ ನೋಯುತ್ತದೆ ಎಂದರೆ ಆಟೋದವರೂ ಸೈನಸ್ ಎಂದು ಹೇಳಿಯಾರು. ಹವೆ, ಧೂಳು, ಪಾರ್ಥೇನಿಯಂ ಎಲ್ಲವೂ ಸಾಕ್ಷಿಗೆ ನಿಲ್ಲುತ್ತವೆ. ಹೀಗಾಗಿ ಬಹುಪಾಲು ಜನ ಮೊದಲು ಮೂಗಿನ ಡಾಕ್ಟರ ಬಳಿಗೆ, ಆಮೇಲೆ ಮೇಲ್ದವಡೆ ನೋಯುತ್ತದೆಂದು ಹಲ್ಲಿನ ಡಾಕ್ಟರ ಬಳಿಗೆ ಹೋಗುತ್ತಾರೆ. ಚೆನ್ನಾಗಿದ್ದ ಹಲ್ಲು ಕೀಳಿಸಿಕೊಂಡವರೂ ಇದ್ದಾರೆ. ಸೈನಸ್ ಸೋಂಕಿನ ನೋವು ರಾತ್ರಿ ಗಂಟೆ ನೋಡಿಕೊಂಡು ಬಂದು, ಒಂದು ತಾಸಿಗೆ ಗಂಟೆ ನೋಡಿಕೊಂಡು ಹೋಗುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು. ಗಡಿಯಾರದ ಈ ಶಿಸ್ತಿಗೆ ಮಿದುಳಿನ ಹೈಪೊಥಲಾಮಸ್‌ನ ನಂಟಿದೆ. ದೇಹದ ಹಗಲು ರಾತ್ರಿಯ ಲೆಕ್ಕ ಇಡುವುದು ಅದೇ.

ಮಾಸ್ಕಿಗೆ ಬರೋಣ. ಆಮ್ಲಜನಕ ಕೊಡುವುದು ಸುಲಭ, ಸರಿಯಾಗಿ ಕೊಡುವುದು ಅಷ್ಟು ಸುಲಭವಲ್ಲ. "ಆಕ್ಸಿಜನ್ ಟ್ರೈ ಮಾಡಿದ್ವಿ, ಏನೂ ಆಗ್ಲಿಲ್ಲ" ಎನ್ನುವವರನ್ನು ಎರಡು ಪ್ರಶ್ನೆ ಕೇಳಿದರೆ ತಪ್ಪು ಸಿಕ್ಕಿಬಿಡುತ್ತದೆ. ಎಷ್ಟು ಲೀಟರಿಗೆ ಇಟ್ಟಿದ್ದಿರಿ? ಯಾವ ಮಾಸ್ಕು? ಮೂಗಿಗೆ ಸಿಕ್ಕಿಸುವ ಎರಡು ಕವಲಿನ ನಳಿಕೆಯಲ್ಲಿ ನಿಮಿಷಕ್ಕೆ 4 ಲೀಟರ್ ಬಿಟ್ಟರೆ ಸುತ್ತಲಿನ ಗಾಳಿಯೇ ಹೆಚ್ಚು ಒಳಗೆ ಹೋಗುತ್ತದೆ. ಬೇಕಾದದ್ದು ಶೇ 100 ಆಮ್ಲಜನಕ, ನಿಮಿಷಕ್ಕೆ 12ರಿಂದ 15 ಲೀಟರ್, ಬಿಟ್ಟ ಉಸಿರನ್ನೇ ಮತ್ತೆ ಎಳೆಯಗೊಡದ, ಚೀಲ ಇರುವ ನಾನ್-ರೀಬ್ರೀದರ್ ಮಾಸ್ಕು, 15ರಿಂದ 20 ನಿಮಿಷ. ಲಂಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 12 ಲೀಟರಿನಂತೆ 15 ನಿಮಿಷ ಕೊಟ್ಟಾಗ ಶೇ 78ರಷ್ಟು ಸಲ ನೋವು ಹೋಯಿತು ಅಥವಾ ಸಾಕಷ್ಟು ಇಳಿಯಿತು. ಬರೀ ಗಾಳಿ ಕೊಟ್ಟಾಗ ಹಾಗಾದದ್ದು ಶೇ 20ರಷ್ಟು ಸಲ.

ಕೋವಿಡ್ ಕಾಲದಲ್ಲಿ ಕೊಂಡ, ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿಕೊಡುವ ಕಾನ್ಸಂಟ್ರೇಟರ್ ಈ ಊರಿನ ಎಷ್ಟೋ ಮನೆಗಳ ಮಂಚದ ಕೆಳಗಿದೆ. ವಿಷಯ ತಿಳಿದ ನೆಂಟರು ಮೊದಲು ಹೇಳುವುದೇ "ನಮ್ಮನೇಲಿದೆ, ತಗೊಂಡು ಹೋಗಿ" ಎಂದು. ಪ್ರೀತಿಯ ಮಾತು, ಆದರೆ ಪ್ರಯೋಜನಕ್ಕೆ ಬಾರದು. ಅವು ಹೆಚ್ಚಿನವು ನಿಮಿಷಕ್ಕೆ 5 ಲೀಟರಿನವು. ಕರೆಂಟು ಹೋದರೆ ಅದೂ ಇಲ್ಲ. ಸಿಲಿಂಡರೇ ಬೇಕು.

ಬಾಡಿಗೆಗೆ ಸಿಗುವ ಬಿ ಟೈಪ್ ಸಿಲಿಂಡರ್ ಕಪ್ಪು ಮೈ, ಬಿಳಿ ಹೆಗಲಿನದು. ಒಬ್ಬರು ಮೂರು ಮಹಡಿ ಹೊರಬಹುದು. ನೀರು ತುಂಬಿದರೆ 10 ಲೀಟರ್ ಹಿಡಿಯುವ ಗಾತ್ರ. 150 ಬಾರ್ ಒತ್ತಡದಲ್ಲಿ 1500 ಲೀಟರ್ ಅನಿಲ ಇರುತ್ತದೆ. ಹಾಗಾಗಿ ಲೆಕ್ಕ ಬಹಳ ಸರಳ: ಗೇಜ್ ತೋರಿಸುವ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಉಳಿದಿರುವ ಲೀಟರ್. 12 ಲೀಟರಿನಂತೆ ಒಂದು ಕಾಲು ತಾಸಿಗೆ 180 ಲೀಟರ್ ಖರ್ಚು. ತುಂಬಿದ ಸಿಲಿಂಡರಿನಲ್ಲಿ ಎಂಟು ಸಲ ಆಯಿತು. 15 ಲೀಟರಿನಂತೆ 20 ನಿಮಿಷ ಹಿಡಿದರೆ ಐದೇ ಸಲ. ದೊಡ್ಡ ಡಿ ಟೈಪ್‌ನಲ್ಲಿ 7000 ಲೀಟರ್ ಇರುತ್ತದೆ, ನೆಲಮಹಡಿಯಲ್ಲಿದ್ದರೆ ಅದೇ ವಾಸಿ. ಮೂರನೇ ಮಹಡಿಗೆ ಅದನ್ನು ಹತ್ತಿಸಲು ಇಬ್ಬರು ಗಟ್ಟಿಗರು ಬೇಕು, ಅದನ್ನು ನೋಡಿದ ಓನರ್ ಪ್ರಶ್ನೆ ಕೇಳದೆ ಇರುವುದಿಲ್ಲ. ಅಂಗಡಿಯವರಿಗೆ ಡಾಕ್ಟರ ಚೀಟಿ ತೋರಿಸಬೇಕಾಗುತ್ತದೆ. "ಆಕ್ಸಿಜನ್" ಎಂದು ಒಂದೇ ಪದ ಬರೆಸಿಕೊಂಡು ಬರಬಾರದು. ಕಾಯಿಲೆಯ ಹೆಸರು, ನಿಮಿಷಕ್ಕೆ ಎಷ್ಟು ಲೀಟರ್, ಯಾವ ಮಾಸ್ಕು, ಎಷ್ಟು ಹೊತ್ತು ಎಲ್ಲವೂ ಅದರಲ್ಲಿರಲಿ. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಅಗ್ಗಕ್ಕೆ ಸಿಗುತ್ತದೆಂದು ಅತ್ತ ಹೋಗಲೇಬಾರದು. ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು, ಅದರಲ್ಲೂ ವರ್ಷಗಟ್ಟಲೆ ಸಿಗರೇಟು ಸೇದಿದವರು, ಇಷ್ಟು ಆಮ್ಲಜನಕ ಹಿಡಿಯುವ ಮೊದಲು ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಅಂಗಡಿಯವರು ಫ್ಲೋಮೀಟರಿಗೆ ನೀರಿನ ಬಾಟಲಿಯೊಂದನ್ನು ಸಿಕ್ಕಿಸಿ ಕೊಡುತ್ತಾರೆ. ದಿನವಿಡೀ ಆಮ್ಲಜನಕ ಬೇಕಾದವರಿಗೆ ಮೂಗು ಒಣಗದಿರಲಿ ಎಂದು ಅದು. ಇಲ್ಲಿ ಬೇಕಿಲ್ಲ. 12 ಲೀಟರಿಗೆ ತಿರುಗಿಸಿದರೆ ಆ ಬಾಟಲಿ ಸೀಟಿ ಹೊಡೆಯುತ್ತದೆ, ಮುಚ್ಚಳದ ಸಂದಿಯಲ್ಲಿ ಅನಿಲ ಸೋರಿಹೋಗುತ್ತದೆ. ಅದನ್ನು ಬಿಚ್ಚಿ ಟ್ಯೂಬನ್ನು ನೇರವಾಗಿ ಸಿಕ್ಕಿಸುವ ಮೂತಿ ಕೇಳಿ ಹಾಕಿಸಿಕೊಳ್ಳಬೇಕು. ಫ್ಲೋಮೀಟರಿನ ಗಾಜಿನ ಮೇಲೆ 15ರವರೆಗೆ ಗೆರೆ ಇದೆಯೋ ಇಲ್ಲವೋ ಅಂಗಡಿಯಲ್ಲೇ ನೋಡಬೇಕು. 10ಕ್ಕೇ ಮುಗಿಯುವವೂ ಇವೆ.

ಮಾಸ್ಕಿನ ಎರಡು ಕೆನ್ನೆಗಳಲ್ಲಿ ತೂತುಗಳಿರುತ್ತವೆ. ಒಂದು ಬದಿಗೆ ತೆಳ್ಳನೆಯ ರಬ್ಬರ್ ಬಿಲ್ಲೆ ಇರುತ್ತದೆ: ಉಸಿರು ಬಿಟ್ಟಾಗ ತೆರೆದು, ಎಳೆದಾಗ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಬದಿ ಎಷ್ಟೋ ಮಾಸ್ಕುಗಳಲ್ಲಿ ಬೋಳು, ಚೀಲ ಖಾಲಿಯಾದರೂ ಉಸಿರು ಕಟ್ಟದಿರಲಿ ಎಂದು. ಅಲ್ಲಿಂದಲೇ ಕೋಣೆಯ ಗಾಳಿ ಬೆರೆಯುವುದು. ಈ ಮನೆಯವರು ಅಲ್ಲಿ ಹೆಬ್ಬೆರಳು ಇಡುತ್ತಾರೆ. ಎಳೆಯುವಾಗ ಒತ್ತು, ಬಿಡುವಾಗ ತೆಗೆ. ಟೇಪ್ ಹಚ್ಚುವುದಿಲ್ಲ, ಬೆರಳಾದರೆ ತಾನಾಗಿ ಜಾರುತ್ತದೆ. ರಬ್ಬರ್ ಪಟ್ಟಿಯನ್ನು ತಲೆಯ ಹಿಂದೆ ಬಿಗಿಯುವ ಬದಲು ಕೈಯಲ್ಲೇ ಮುಖಕ್ಕೆ ಒತ್ತಿಹಿಡಿಯುವುದು ಮೇಲು. ಗಡ್ಡ ಇದ್ದರೆ ಅಂಚು ಸರಿಯಾಗಿ ಕೂರದು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈ ತೊಡೆಗೂರಿ, ಹೊಟ್ಟೆಯಿಂದ ಆಳವಾಗಿ ಎಳೆಯಬೇಕು, ಪೂರ್ತಿ ಹೊರಹಾಕಬೇಕು. ಎಳೆದಾಗ ಚೀಲ ಚಪ್ಪಟೆಯಾಗಿ ಅಂಟಿಕೊಂಡರೆ ಹರಿವು ಸಾಲದು, 15ಕ್ಕೆ ಏರಿಸಬೇಕು. ಎಳೆದಾಗ ಚೀಲ ಅಲ್ಲಾಡದೇ ಇದ್ದರೆ ಅಂಚಿನಲ್ಲೆಲ್ಲೋ ಗಾಳಿ ನುಗ್ಗುತ್ತಿದೆ ಎಂದರ್ಥ.

ಆ ರಾತ್ರಿ ಮಾಸ್ಕು ಹಿಡಿದ ಏಳನೇ ನಿಮಿಷಕ್ಕೆ, ಹೆಜ್ಜೆ ಕುಟ್ಟುತ್ತಿದ್ದ ಗಂಡನ ಬಲಗಾಲು ನಿಂತಿತು. ಹನ್ನೆರಡಕ್ಕೆ ಅವರು ಒಂದು ಬೆರಳೆತ್ತಿ ಸನ್ನೆ ಮಾಡಿದರು. ಹತ್ತರಲ್ಲಿ ಒಂದಕ್ಕೆ ಇಳಿದಿದೆ ಎಂದು. ಮಾಸ್ಕು ತೆಗೆಯಲಿಲ್ಲ. ನೋವು ಇಳಿದ ತಕ್ಷಣ ತೆಗೆದರೆ ಅರ್ಧ ಗಂಟೆಗೆ ಮರಳಿ ಬರುವುದುಂಟು, ಅದಕ್ಕೆ ಇನ್ನೊಂದು ಐದಾರು ನಿಮಿಷ. ಒಟ್ಟು 18 ನಿಮಿಷ. ವಾಲ್ವ್ ಮುಚ್ಚುವ ಮೊದಲು ಗೇಜ್ ನೋಡಿದರು: 88. ಬಾಗಿಲ ಹಿಂದಿನ ನೋಟ್‌ಬುಕ್ಕಿನಲ್ಲಿ ಬರೆದರು. ತಾರೀಕು, 1.20, ಬಲ, 18 ನಿಮಿಷ, 88.

ಬೆಂಕಿಯ ವಿಷಯ ಒಂದೇ ಉಸಿರಿಗೆ ಹೇಳಿಬಿಡಬಹುದು. ದೇವರ ಕೋಣೆ, ಸ್ಟವ್, ಊದುಬತ್ತಿ, ಸಿಗರೇಟು ಇವುಗಳ ಹತ್ತಿರ ಸಿಲಿಂಡರ್ ಇಡಬಾರದು, ಕಿಟಕಿ ತೆರೆದಿರಲಿ, ಕಿಟಕಿ ಸರಳಿಗೆ ಸರಪಳಿ ಕಟ್ಟಿ ನೆಟ್ಟಗೆ ನಿಲ್ಲಿಸಬೇಕು. ಆದರೆ ಜನ ಮರೆಯುವುದು ಎಣ್ಣೆಯನ್ನು. ಕೊಬ್ಬರಿ ಎಣ್ಣೆ ಸೋಕಿದ ಕೈಯಲ್ಲಿ ವಾಲ್ವ್ ಮುಟ್ಟಬಾರದು, ಜಿಗುಟಾಗಿ ತಿರುಗುತ್ತದೆಂದು ಗ್ರೀಸ್ ಬಿಡಬಾರದು. ಹಣೆಗೂ ಮೂಗಿಗೂ ಮುಲಾಮು ಬಳಿದುಕೊಂಡು ಮಾಸ್ಕು ಹಾಕುವುದೂ ಅದೇ ತಪ್ಪು. ಹೇಗೂ ಆ ಮುಲಾಮು, ನೀಲಗಿರಿ ಹಬೆ, ಶುಂಠಿ ಪಟ್ಟು ಈ ನೋವಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೂಡ ಅಷ್ಟೆ. ಗುಳಿಗೆ ಕರಗಿ ಕೆಲಸ ಶುರುಮಾಡುವ ಹೊತ್ತಿಗೆ ನೋವು ತಾನಾಗಿ ಇಳಿದಿರುತ್ತದೆ, ಹೆಸರು ಮಾತ್ರ ಗುಳಿಗೆಗೆ. ಶುರುವಿನಲ್ಲೇ ಗಟ್ಟಿ ಡಿಕಾಕ್ಷನ್ ಕಾಫಿ ಕುಡಿದರೆ ಸ್ವಲ್ಪ ಹಗುರ ಎನ್ನುವವರಿದ್ದಾರೆ. ಕುಡಿಯಲಿ, ಅದನ್ನೇ ನಂಬಿ ಕೂರದಿದ್ದರೆ ಆಯಿತು.

ಹೊರಗೆ ಸಿಲಿಂಡರ್ ಹೊತ್ತು ತಿರುಗಲಾಗದು. ಅದಕ್ಕೆ ಬ್ಯಾಗಿನಲ್ಲಿ ಸುಮಾಟ್ರಿಪ್ಟಾನ್. ಗುಳಿಗೆಯಲ್ಲ, ಚರ್ಮದಡಿ ಕೊಡುವ 6 ಮಿಲಿಗ್ರಾಂ ಇಂಜೆಕ್ಷನ್. ತೊಡೆಯ ಹೊರಬದಿಯ ಚರ್ಮವನ್ನು ಚಿವುಟಿ ಹಿಡಿದು ಕೊಡುವುದನ್ನು ನರ್ಸ್ ಎದುರಿಗೇ ಒಮ್ಮೆ ಮಾಡಿ ಕಲಿಯಬೇಕು. ಬಹಳಷ್ಟು ಜನರಿಗೆ ಕಾಲು ತಾಸಿನಲ್ಲಿ ಗುಣ ಕಾಣುತ್ತದೆ. 24 ತಾಸಿಗೆ ಎರಡೇ, ನಡುವೆ ಒಂದು ತಾಸಾದರೂ ಅಂತರ. ಎದೆ, ಕತ್ತು ಬಿಗಿದಂತೆ, ಮೈ ಬಿಸಿಯಾದಂತೆ ಕೆಲವು ನಿಮಿಷ ಅನಿಸಬಹುದು. ಹೃದಯದ ರಕ್ತನಾಳದ ತೊಂದರೆ, ಪಾರ್ಶ್ವವಾಯು, ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಇದು ಸಲ್ಲದು. ಆಮ್ಲಜನಕಕ್ಕೆ ದಿನಕ್ಕಿಷ್ಟೇ ಎಂಬ ಲೆಕ್ಕವಿಲ್ಲ, ಇದಕ್ಕಿದೆ. ಆದ್ದರಿಂದ ಮನೆಯಲ್ಲಿದ್ದಾಗ ಸಿಲಿಂಡರ್, ಬಸ್ಸಿನಲ್ಲೋ ಆಫೀಸಿನಲ್ಲೋ ಇದ್ದಾಗ ಸೂಜಿ. ಸ್ಕೂಟರ್ ಓಡಿಸುವಾಗ ಮೂಗು ಕಟ್ಟಿದ ಸೂಚನೆ ಸಿಕ್ಕರೆ ಸಿಗ್ನಲ್ ದಾಟಿ ನೋಡೋಣ ಎನ್ನದೆ ಅಲ್ಲೇ ಎಡಕ್ಕೆ ನಿಲ್ಲಿಸಬೇಕು. ಬೆಂಗಳೂರಿನ ಸಂಜೆಯಲ್ಲಿ ಒಂದು ಸಿಗ್ನಲ್ ಎಂದರೆ ಎಷ್ಟು ಹೊತ್ತು ಎಂದು ಗೊತ್ತಲ್ಲ.

ಇವೆಲ್ಲ ಬಂದ ನೋವಿಗೆ. ಬಾರದಿರಲು ಬೇರೆ ಔಷಧ. ನಿಮ್ಹಾನ್ಸ್ ಇರುವ ಊರು ನಮ್ಮದು, ನರರೋಗ ತಜ್ಞರಿಗೆ ಬರವಿಲ್ಲ. ತೊಡಕೆಂದರೆ, ರಾತ್ರಿ 1.20ಕ್ಕೆ ಕೆಂಪಾಗಿದ್ದ ಕಣ್ಣು ಬೆಳಗಿನ ಹೊರರೋಗಿ ವಿಭಾಗದಲ್ಲಿ ಬೆಳ್ಳಗಿರುತ್ತದೆ. ಡಾಕ್ಟರ್ ಎದುರು ಕೂತವರು ಆರೋಗ್ಯವಂತರ ಹಾಗೆ ಕಾಣುತ್ತಾರೆ. ಮೊದಲೇ ಒಪ್ಪಿಗೆ ಕೇಳಿಕೊಂಡು, ಒಂದು ರಾತ್ರಿ ಫೋನಿನಲ್ಲಿ ಅರ್ಧ ನಿಮಿಷ ವಿಡಿಯೊ ಹಿಡಿದುಕೊಂಡರೆ ಹತ್ತು ನಿಮಿಷದ ವಿವರಣೆ ಉಳಿಯುತ್ತದೆ. ಜೋಲಿದ ರೆಪ್ಪೆ, ಸುರಿಯುವ ಕಣ್ಣು, ನಿಲ್ಲದ ನಡಿಗೆ ಅದರಲ್ಲಿ ಬರಲಿ. ಜೊತೆಗೆ ಆ ನೋಟ್‌ಬುಕ್ಕು. ಮೊದಲ ಸಲ ಮಿದುಳಿನ ಎಂಆರ್‌ಐ ಮಾಡಿಸುತ್ತಾರೆ, ಪಿಟ್ಯುಟರಿ ಗ್ರಂಥಿಯೂ ಅದರಲ್ಲಿ ಕಾಣಬೇಕು. ಅಲ್ಲಿನ ಗಡ್ಡೆಯೂ ಅಪರೂಪಕ್ಕೆ ಹೀಗೇ ನೋಯಿಸುತ್ತದೆ.

ಮುಖ್ಯ ಔಷಧ ವೆರಪಮಿಲ್. ಅದು ಹೃದಯದ ಗುಳಿಗೆಯಲ್ಲವೇ ಎಂದು ಮೆಡಿಕಲ್ ಸ್ಟೋರಿನವರೂ ಹುಬ್ಬೇರಿಸುತ್ತಾರೆ. ಹೌದು, ಅದೇ. ಸಾಮಾನ್ಯವಾಗಿ 80 ಮಿಲಿಗ್ರಾಂ ದಿನಕ್ಕೆ ಮೂರು ಸಲದಿಂದ ಶುರುಮಾಡಿ, ವಾರ ಎರಡು ವಾರಕ್ಕೊಮ್ಮೆ ಏರಿಸುತ್ತಾರೆ. ಬಿಪಿಗೆ ಕೊಡುವುದಕ್ಕಿಂತ ಹೆಚ್ಚೇ ಬೇಕಾಗುವುದುಂಟು. ಹೃದಯದ ಬಡಿತದ ಸಂಕೇತವನ್ನು ಇದು ನಿಧಾನಿಸುವುದರಿಂದ ಶುರುವಿಗೊಂದು ಇಸಿಜಿ, ಏರಿಸಿದಾಗಲೆಲ್ಲ ಇನ್ನೊಂದು. ಆ ಕಾಗದಗಳನ್ನು ತಾರೀಕಿನಂತೆ ಒಂದೇ ಫೈಲಿನಲ್ಲಿಡಬೇಕು. ಹಳೆಯದಕ್ಕೆ ಹೋಲಿಸದೆ ಹೊಸದರಿಂದ ಉಪಯೋಗ ಅರ್ಧವೇ. ಇಲ್ಲೊಂದು ಬಲೆ ಇದೆ. ಮೊದಲು ಮೈಗ್ರೇನ್ ಎಂದುಕೊಂಡು ಪ್ರೊಪ್ರನಾಲಾಲ್ ನುಂಗುತ್ತಿದ್ದವರು ಅದನ್ನು ಹೇಳದೆ ವೆರಪಮಿಲ್ ಸೇರಿಸಿಕೊಂಡರೆ ಹೃದಯದ ಬಡಿತ ಅಪಾಯಕ್ಕಿಳಿಯಬಹುದು. ಹಳೆಯ ಚೀಟಿ ಎಲ್ಲವನ್ನೂ ಒಯ್ಯಬೇಕು. ಇನ್ನೊಂದು, ಗ್ರೇಪ್‌ಫ್ರೂಟ್ ಈ ಔಷಧವನ್ನು ರಕ್ತದಲ್ಲಿ ಹೆಚ್ಚಿಸುತ್ತದೆ. ಅದು ಇಲ್ಲಿ ತಿನ್ನುವವರು ಕಡಿಮೆ, ಆದರೆ ನಮ್ಮ ದೇವನಹಳ್ಳಿ ಚಕ್ಕೋತ ಅದರ ಹೆತ್ತವರ ಕಡೆಯದೇ. ಔಷಧ ಮುಗಿಯುವತನಕ ಅದನ್ನು ನೆಂಟರಿಗೆ ಕೊಟ್ಟುಬಿಡುವುದು ಲೇಸು. ಮಲಬದ್ಧತೆ ಖಂಡಿತ ಎಂದೇ ಇಟ್ಟುಕೊಳ್ಳಿ. ಮೊದಲ ದಿನದಿಂದಲೇ ಇಸಬ್‌ಗೋಲ್, ಪಪ್ಪಾಯಿ, ಸೊಪ್ಪು.

ವೆರಪಮಿಲ್ ಹತ್ತಲು ಎರಡು ಮೂರು ವಾರ ಬೇಕು. ಆ ನಡುವಿನ ಹೊಳೆ ದಾಟಲು ಕೆಲವು ದಿನದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ, ಅಥವಾ ತಲೆಯ ಹಿಂಭಾಗದ ನರದ ಬುಡಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಶುಗರ್ ನೋಡುತ್ತಿರಬೇಕು. ಸ್ಟೀರಾಯ್ಡಿನಿಂದ ಆರಾಮವಾಯಿತೆಂದು ಅದನ್ನೇ ತಾವಾಗಿ ಮುಂದುವರಿಸಿದವರು ಆಮೇಲೆ ಪಡುವ ಪಾಡು ಬೇರೆ.

ಸರದಿ ನಡೆಯುವಾಗ ಮದ್ಯ ಒಂದು ಗುಟುಕೂ ಬೇಡ, ತಾಸಿನೊಳಗೆ ನೋವು ಹಾಜರಾಗಬಹುದು. ಬಿಡುವಿನ ತಿಂಗಳುಗಳಲ್ಲಿ ಅದೇ ಮದ್ಯ ಏನೂ ಮಾಡದೆ ಇರುವುದರಿಂದ ಜನ ಮೋಸಹೋಗುತ್ತಾರೆ. ಭಾನುವಾರದ ಊಟದ ಮೇಲಿನ ಜೊಂಪು ಕೂಡ ಕೆಲವರಿಗೆ ಹಾಗೆಯೇ. ಪೇಂಟ್, ಥಿನ್ನರ್ ವಾಸನೆಯೂ ಸೇರಿಕೊಳ್ಳಬಹುದು. ರಾತ್ರಿ ಪಾಳಿಯ ಕೆಲಸದವರು ಆ ಕೆಲವು ವಾರವಾದರೂ ಒಂದೇ ಪಾಳಿ ಕೇಳಿಕೊಳ್ಳಬೇಕು. "ತಲೆನೋವು, ರಜೆ ಬೇಕು" ಎಂದರೆ ಮ್ಯಾನೇಜರ್ ನಗುತ್ತಾರೆ. ಡಾಕ್ಟರ ಪತ್ರದಲ್ಲಿ ಕಾಯಿಲೆಯ ಹೆಸರು, ನೋವು ಬಂದಾಗ ಒಂದು ತಾಸು ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕೆಂಬ ಸಾಲು ಇದ್ದರೆ ನಗು ನಿಲ್ಲುತ್ತದೆ.

4.05ಕ್ಕೆ ಎರಡನೆಯದು ಬಂತು. ಮೊದಲಿನದಕ್ಕಿಂತ ಬಿರುಸು. ಮತ್ತೆ ಕುರ್ಚಿ, ಕೀಲಿ, ಚೀಲ. ಈ ಸಲ 17 ನಿಮಿಷ. ಮುಗಿದ ಮೇಲೆ ಅವರು ಮಾಸ್ಕು ಮಡಿಲಲ್ಲಿಟ್ಟುಕೊಂಡು, "ಇನ್ನು ಮಲಗಲ್ಲ ಕಣೇ, ಮಲಗಿದ್ರೆ ತಾನೇ ಬರೋದು" ಎಂದರು. ಹೆಂಡತಿ "ಹಾಗನ್ಬೇಡಿ" ಎನ್ನಲಿಲ್ಲ. "ಸರಿ ರೀ, ಕೂತ್ಕೊಳ್ಳೋಣ" ಎಂದು ಪಕ್ಕದಲ್ಲಿ ಚಾಪೆ ಹಾಸಿದರು. ನೋವಿಗಿಂತ ನೋವಿನ ಭಯ ಹೆಚ್ಚು ದಣಿಸುತ್ತದೆ, ನಿದ್ದೆಗೆಟ್ಟ ಎಂಟು ಹತ್ತು ದಿನದ ಮೇಲೆ ಬದುಕೇ ಬೇಡ ಎಂಬ ಮಾತೂ ಬರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಆತ್ಮಹತ್ಯೆಯ ತಲೆನೋವು ಎಂಬ ಅಡ್ಡಹೆಸರೇ ಇದೆ. ಆ ಮಾತು ಬಂದರೆ ಬೈದು ಬಾಯಿ ಮುಚ್ಚಿಸುವುದಲ್ಲ, ಹಾಗೆ ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಬೇಕು, ಒಬ್ಬರನ್ನೇ ಬಿಡಬಾರದು, ಗುಳಿಗೆ ಡಬ್ಬಿ ತಮ್ಮ ಬಳಿ ಇಟ್ಟುಕೊಳ್ಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಮನೆಯಲ್ಲಿ ಆ ಸಂಖ್ಯೆ ನೋಟ್‌ಬುಕ್ಕಿನ ರಟ್ಟಿನ ಮೇಲಿದೆ. ಅದರ ಕೆಳಗೆ 108, ಅದರ ಮುಂದೆ ಯಾವಾಗ ಕರೆಯಬೇಕೆಂಬ ಪಟ್ಟಿ: ಸಿಡಿಲಿನಂತೆ ಒಂದೇ ಕ್ಷಣದಲ್ಲಿ ತುದಿಗೇರಿದ ನೋವು, ಜ್ವರದೊಡನೆ ಕತ್ತು ಸೆಟೆತ, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು. ಇಷ್ಟು ದಿನದ ಚಾಳಿ ಬಿಟ್ಟು ಬಂದ ನೋವು ಯಾವುದೇ ಆದರೂ ಕ್ಲಸ್ಟರ್ ಎಂದು ಸುಮ್ಮನಿರಬಾರದು.

ಐದೂವರೆಗೆ ಹಾಲಿನವನ ಸೈಕಲ್ ಕೆಳಗೆ ನಿಂತ ಸದ್ದಾಯಿತು. ಅವರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಹೆಂಡತಿ ಎದ್ದು ಮಾಸ್ಕನ್ನು ಸೋಪಿನ ನೀರಲ್ಲಿ ಒರೆಸಿ, ಚೀಲ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಮೊಳೆಗೆ ತೂಗುಹಾಕಿದರು. ನೋಟ್‌ಬುಕ್ಕಿನಲ್ಲಿ ರಾತ್ರಿಯ ಕೊನೆಯ ಸಾಲು: 4.05, ಬಲ, 17 ನಿಮಿಷ, 68. ಅಂದರೆ 680 ಲೀಟರ್. ತಲಾ ಇನ್ನೂರರಂತೆ ಮೂರು ಸಲಕ್ಕೆ ಆದೀತು, ಅದೂ ಎಳೆದಾಡಿ. ಇವತ್ತು ಶನಿವಾರ, ನಾಳೆ ಅಂಗಡಿ ಮುಚ್ಚಿರುತ್ತದೆ. ಹತ್ತು ಗಂಟೆಗೆ ಫೋನ್ ಮಾಡಬೇಕು ಎಂದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು, ಹಾಲಿನ ಪಾತ್ರೆ ಹಿಡಿದು ಕೆಳಗಿಳಿದರು.